ಬೇಸಿಗೆಯಲ್ಲಿ ಕಂಬಳಿ ಹೊದ್ದ ಕಾರು

ಯಾದಗಿರಿ ಜಿಲ್ಲೆಯಲ್ಲಿ ಮೇ ತಿಂಗಳಲ್ಲೂ ಚಳಿಗೆ ನಡುಗುವ ಕಾರೊಂದಿದೆ ಎಂದರೆ ನೀವು ನಂಬುತ್ತೀರಾ? ನಮ್ಮ ಸೋದರಮಾವ ನಂಬುತ್ತಾರೆ. ನಂಬಿ, ಅದಕ್ಕೆ ಕಂಬಳಿಯನ್ನೂ ಹೊದಿಸುತ್ತಾರೆ!

ಸುರಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಈ ಮನುಷ್ಯ ಹೈದರಾಬಾದಿಗೆ ಹೋದದ್ದು ಟ್ರ್ಯಾಕ್ಟರ್ ನೋಡಲು. ತಂದದ್ದು ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು! ಎಷ್ಟು ಹಗುರವೆಂದರೆ, ಓಣಿಯಲ್ಲಿ ಜಾಗ ಸಾಲದಾಗ ನಾವು ನಾಲ್ವರು ಹಿಂಬದಿ ಎತ್ತಿ ತಿರುಗಿಸಿದ್ದುಂಟು.

"ಮಂದಿ ಕುಂದರಂಗಿಲ್ಲ, ಚೀಲ ಹಿಡಿಯಂಗಿಲ್ಲ, ಇದೆಂಥಾ ಗಾಡಿರಿ?" ಎಂದು ಅತ್ತೆ ಬೈದರು. ಬೈಯುತ್ತಲೇ ಸೆರಗು ಬಿಗಿಮಾಡಿ ಪಕ್ಕದ ಸೀಟಿನಲ್ಲಿ ಕೂತು ತಿಂಥಣಿಯ ಗುಡಿಗೆ ಹೋಗಿಬಂದರು. ಆಮೇಲೆ ಆ ಸೀಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಕಳೆದ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಸೀಟು ಈಗಲೂ ಅವರದೇ.

ಈ ವರ್ಷ ಕಾರಿಗೆ ಕುಡಿತದ ಚಟ ಹತ್ತಿತು. ಹತ್ತಿರದ ದೇವಾಪುರ ಮುಟ್ಟುವಷ್ಟರಲ್ಲಿ ಪೆಟ್ರೋಲ್ ಮುಳ್ಳು ನೆಲ ಕಚ್ಚುತ್ತಿತ್ತು, ಹಿಂದೆ ಹಸಿ ಕಟ್ಟಿಗೆಯ ಒಲೆಯಂತೆ ಹೊಗೆ. "ಸಾವ್ಕಾರ್ರ, ಮುಂಜಾನೆರ ಕುಡಿಸೀನಲ್ರಿ, ಮತ್ತ ಬಂತೇನ್ರಿ?" ಎಂದು ಪಂಪಿನವನು ಬೆರಗಾದ.

ಕೊನೆಗೆ ನಾನೇ ಕಾಡಿ ಬೇಡಿ ಶಹಾಪುರದ ಮೆಕ್ಯಾನಿಕ್ ಬಳಿ ಕರೆದೊಯ್ದೆ. ಮಾವ ಕಾರಿನಲ್ಲಿ, ನಾನು ಹಿಂದಿನ ಬಸ್ಸಿನಲ್ಲಿ. ಆ ಸೀಟು ನನಗೂ ಇಲ್ಲವಲ್ಲ!

ಮೆಕ್ಯಾನಿಕ್ ತನ್ನ ತಪಾಸಣೆ ಯಂತ್ರದ ವೈರು ಜೋಡಿಸಿ ನೋಡಿ ಹೊಟ್ಟೆ ಹಿಡಿದು ನಕ್ಕ. "ಗಾಳಿ ಎಷ್ಟ್ ಬಂತು, ಹೊಗಿ ಹ್ಯಾಂಗದ, ಇದನ್ನ ಹೇಳೋ ಸೆನ್ಸರ್ ಎಲ್ಲಾ ಚಲೋ ಅದಾವ್ರಿ. ಎಂಜಿನ್ ಬಿಸಿ ಹೇಳೋ ಸೆನ್ಸರ್ ಒಂದೇ ಕೆಟ್ಟದ. ಥಂಡಿ ಥಂಡಿ ಅಂತ ಬಡ್ಕೊಳ್ಳಾಕತ್ತದ. ತಣ್ಣನ ಎಂಜಿನ್ನಿಗಿ ಪೆಟ್ರೋಲ್ ಜಾಸ್ತಿ ಬೇಕಲ್ರಿ, ಗಾಡಿಯೊಳಗಿನ ಕಂಪ್ಯೂಟರ್ ಅದರ ಮಾತು ನಂಬಿ ಸುರಿಯಾಕತ್ತದ!"

ಹೊರಗೆ ಡಾಂಬರು ಕರಗುವ ಬಿಸಿಲು. ನಾನೂ ನಕ್ಕೆ. "ಹೊಸಾದು ಹಾಕಿಬಿಡಪಾ" ಎಂದೆ.

"ಬ್ಯಾಡ" ಎಂದರು ಮಾವ.

"ಹಿಂಗ ಬಿಟ್ರ ಎಂಜಿನ್ ಹಾಳಾಗ್ತದರಿ" ಎಂದ ಮೆಕ್ಯಾನಿಕ್.

"ಆಗಲಿ. ಅದು ಥಂಡಿ ಅಂದ್ರ ಥಂಡಿನ."

ಅಂದಿನಿಂದ ಬಾನೆಟ್ಟಿನ ಮೇಲೆ ಕರಿ ಕಂಬಳಿ ಬಂತು! ಓಣಿಯವರು ಬಿಡುತ್ತಾರೆಯೇ? "ಕಾರಿಗಿ ಕಷಾಯ ಕೊಟ್ರೇನ್ರಿ ಸಾವ್ಕಾರ್ರ?" ಎಂದರೆ, ಮಾವ "ಕುಡದು ಮಲಗ್ಯದ, ಗದ್ದಲ ಮಾಡಬ್ಯಾಡ್ರಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಕಾರು ಕೆಮ್ಮಿ ಕೆಮ್ಮಿ ನಿಲ್ಲತೊಡಗಿತು. ಅತ್ತೆ ಕೂತಿದ್ದ ಕಾರು ಕಣ್ಣೆದುರೇ ಹಾಳಾಗುವುದನ್ನು ನೋಡಲಾರದೆ ನಾನೇ ಹೊಸ ಸೆನ್ಸರ್ ತಂದೆ. ಕಂಬಳಿ ಎಳೆದು ಗದರಿದೆ: "ಮಾವ, ಈ ಬಿಸಿಲಾಗ ಯಾರಿಗರೆ ಥಂಡಿ ಹತ್ತತದೇನ್ರಿ?"

ಮಾವ ಕಂಬಳಿಯನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನಾನೂ ಇದನ್ನೇ ಕೇಳಿದ್ದೆ. ನಿಮ್ಮತ್ತಿ ಥಂಡಿ ಹತ್ಯದ, ಕಂಬಳಿ ಕೊಡ್ರಿ ಅಂದ್ಲು. ಹುಚ್ಚಿ, ಬ್ಯಾಸಿಗ್ಯಾಗ ಎಂಥಾ ಥಂಡಿ ಅಂತ ನಕ್ಕು ಅಂಗಡಿಗಿ ಹೋದೆ. ಹೊಳ್ಳಿ ಬರೂದ್ರಾಗ ಜ್ವರ ತಲಿಗೇರಿತ್ತು, ಮಾತು ನಿಂತಿತ್ತು. ಕಂಬಳಿ ಮನ್ಯಾಗಿನ ಟ್ರಂಕಿನ್ಯಾಗ ಇತ್ತಪಾ. ಒಂದ್ ಸಲ ಎದ್ದು ಕೊಡಬೇಕಿತ್ತು."

ನನಗೆ ಅಳು ತಡೆಯಲಾಗಲಿಲ್ಲ. ಸೆನ್ಸರ್ ಜೇಬಿನಲ್ಲೇ ಉಳಿಯಿತು. ಕಂಬಳಿಯ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ, ಎಲ್ಲೂ ಸಂದಿ ಬಿಡದಂತೆ, ಹೊದಿಸಿದೆವು.