ಬಕ್ಕಪ್ಪನವರ ಹೊಕ್ಕುಳು

ಬಕ್ಕಪ್ಪನವರ ಹೊಕ್ಕುಳು ನಿಂಬೆಕಾಯಿಯಂತೆ ಹೊರಗೆ ಬಂದು ಎರಡು ವರ್ಷವಾಗಿತ್ತು. ಹೆಂಡತಿ ಸೂಗಮ್ಮ ಹುಮನಾಬಾದಿಗೆ ಹೋಗಿ ನಾಲ್ಕು ತಿಂಗಳು. ಹೊಕ್ಕುಳಿನ ನೋವನ್ನಾದರೂ ಅವರು ತಡೆದುಕೊಂಡಿದ್ದರು.

ಮಗಳು ಪೂನಂ ಅಲ್ಲಿ ಶಾಲೆಯ ಟೀಚರು. ಅವಳ ಕೂಸನ್ನು ನೋಡಿಕೊಳ್ಳಲು ಹೋದ ಸೂಗಮ್ಮ, "ಮುಂದಿನ ವಾರ ಬರ್ತೀನ್ರಿ" ಎನ್ನುತ್ತಲೇ ಇದ್ದರು. ಆಪರೇಷನ್ ಅಂದಾಗಲೂ "ನೋಡ್ತೀನ್ರಿ" ಎಂದಷ್ಟೇ ಹೇಳಿದ್ದರು. ಬಸವಕಲ್ಯಾಣದ ಮನೆಯಲ್ಲಿ ಬಕ್ಕಪ್ಪ ದಿನಾ ರೂಢಿಯಂತೆ ಎರಡು ಕಪ್ ಚಹಾ ಮಾಡಿ, ಎರಡನ್ನೂ ತಾವೇ ಕುಡಿಯುತ್ತಿದ್ದರು.

ಆಸ್ಪತ್ರೆಗೆ ಸೇರಿದ ಬೆಳಿಗ್ಗೆ ಡಾಕ್ಟರ್ ಮೀನಾಜ್ ಹೇಳಿದರು: "ಎರಡು ದಾರಿ ಅದಾವ್ರಿ. ಮೂರು ಸಣ್ಣ ತೂತು ಹಾಕಿ ದುರ್ಬೀನ್ ಬಿಟ್ಟು ಮಾಡೋದು ಒಂದು. ಹೊಕ್ಕುಳ ಬಾಜೂಕ ಕೊಯ್ದು ಹೊಲಿಯೋದು ಇನ್ನೊಂದು. ನಿಮಗ ಯಾವುದಾದ್ರೂ ನಡೀತದ."

"ಹೆಚ್ಚು ದಿನ ಮಲಗಬೇಕಾಗೋದು ಯಾವುದ್ರಾಗ್ರಿ?"

ಡಾಕ್ಟರಿಗೆ ಈ ಪ್ರಶ್ನೆ ಹೊಸದು. "ಕೊಯ್ದ್ರ ನೋವು ಜರಾ ಜಾಸ್ತಿ ದಿನ ಇರಬಹುದು."

"ಹಂಗಾದ್ರ ಕೊಯ್ರಿ!"

ಹೆಚ್ಚು ದಿನ ಮಲಗಿದರೆ ಸೂಗಮ್ಮ ಬರಲೇಬೇಕು. ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಿ, "ಹೊಟ್ಟಿಗಿ ಹಿಡಿತ ಇಲ್ಲ" ಎಂದು ಬೈಯಬೇಕು. ಆ ಬೈಗುಳ ಕೇಳಿ ನಾಲ್ಕು ತಿಂಗಳಾಗಿತ್ತು.

ಜೊತೆಗೆ ಬಂದಿದ್ದ ಪಕ್ಕದ ಮನೆಯ ದರ್ಜಿ ವಸೀಮ್ ಹೌಹಾರಿದ. "ಕಾಕಾ, ಹುಚ್ಚು ಹಿಡಿದದೇನು? ಕತ್ತರಿ ಕೆಲಸ ನನಗ ಗೊತ್ತದ. ಎಷ್ಟು ಕಡಿಮಿ ಕತ್ತರಸ್ತೀರಿ ಅಷ್ಟು ಛಲೋ!" ಪಕ್ಕದ ಮಂಚದಲ್ಲಿದ್ದ ಗಂಡನನ್ನು ನೋಡಿಕೊಳ್ಳುತ್ತಿದ್ದ ಜಿಜಾಬಾಯಿಯೂ ದನಿಗೂಡಿಸಿದರು: "ಹೋದ ವರ್ಷ ನಂದೂ ದುರ್ಬೀನೇ ಆಗಿತ್ತು. ಮೂರನೇ ದಿನ ರೊಟ್ಟಿ ಬಡದೀನಿ."

ಇಬ್ಬರೂ ಸೇರಿ ನರ್ಸಿನ ಕಿವಿಯೂದಿ ಆಪರೇಷನ್ನಿನ ಕಾಗದದಲ್ಲಿ 'ದುರ್ಬೀನ್' ಎಂದು ಬರೆಸಿಬಿಟ್ಟರು. ಥಿಯೇಟರಿನ ಬಾಗಿಲಲ್ಲಿ ಅದು ಕಿವಿಗೆ ಬಿದ್ದದ್ದೇ ತಡ, ಬಕ್ಕಪ್ಪ ಸ್ಟ್ರೆಚರಿನ ಮೇಲೆ ಎದ್ದು ಕುಳಿತು, ಕಲ್ಲಂಗಡಿ ಕೊಳ್ಳಲು ಬಂದ ಗಿರಾಕಿಯ ಹಾಗೆ ಕೂಗಿದರು: "ಕೊಯ್ರಿ! ಕೊಯ್ದೇ ತೋರಿಸ್ರಿ!"

ಕಾಗದವನ್ನು ಮತ್ತೆ ತಿದ್ದಲಾಯಿತು. ಸೋತ ವಸೀಮ್ ಹುಮನಾಬಾದಿಗೆ ಫೋನು ಮಾಡಿ ಬಂದ. "ಕೊಯ್ತಾರ ಅಂದೆ. ಸೂಗಮ್ಮ ಕಾಕು ಗಾಬರಿಯಾಗಿ ಅಳಾಕತ್ತಾರ."

"ಅಳ್ತಾಳಾ?" ಎಂದು ಬಕ್ಕಪ್ಪ ಹಿಗ್ಗಿನಿಂದ ಒಳಗೆ ಹೋದರು.

ಸಂಜೆ ಎಚ್ಚರವಾದಾಗ ಯಾರೋ ಹಣೆ ಮುಟ್ಟಿದರು. ಬಕ್ಕಪ್ಪ ಕಣ್ಣು ತೆರೆಯದೆ, ಬೇಕೆಂದೇ ನರಳಿ, ಆ ಕೈ ಹಿಡಿದು ಎದೆಗೊತ್ತಿಕೊಂಡರು. "ಸೂಗೂ... ಬಂದ್ಯಾ?"

"ಮಾವಾರ, ನಾನ್ರಿ, ವೀರಭದ್ರ."

ಅಳಿಯ!

"ನಿಮ್ಮ ಅತ್ತಿ?"

"ಬೆಳಿಗ್ಗೇನೇ ಚೀಲ ತುಂಬಿ ಹೊಂಟಿದ್ರು. ದುರ್ಬೀನ್ ಆಪರೇಷನ್ ಇದ್ದೀತು, ನಾನೇ ಸಂಭಾಳಿಸ್ತೀನಿ ಅಂದಿದ್ರು. ಕೊಯ್ತಾರ ಅಂತ ಫೋನ್ ಬಂದಕೂಡ್ಲೆ ಚೀಲ ಇಳಿಸಿದ್ರು. 'ಅವರಿಗಿ ಎತ್ತಿ ಕೂಡಿಸೋದು, ಹಿಡಿದು ನಡೆಸೋದು ನನ್ನ ಕಡಿಂದ ಆಗ್ತದೇನು, ನೀವೇ ಹೋಗ್ರಿ' ಅಂತ ನನ್ನ ಕಳಿಸಿದ್ರು. ಹದಿನೈದು ದಿನ ರಜಾ ಹಾಕಿ ಬಂದೀನ್ರಿ!"

ಬಕ್ಕಪ್ಪ ಎದೆಗೊತ್ತಿಕೊಂಡಿದ್ದ ಕೈ ಬಿಟ್ಟರು. ವೀರಭದ್ರ ಡಬ್ಬಿ ಬಿಚ್ಚಿದ. ಜೋಳದ ರೊಟ್ಟಿ, ಝುಣಕದ ಘಮ ಕೋಣೆ ತುಂಬಿತು. ಅದು ಸೂಗಮ್ಮನ ಕೈಯದೇ, ಕೇಳಬೇಕಾಗಿರಲಿಲ್ಲ.

"ನಿಮಗ ಇವತ್ತು ಬರೀ ಗಂಜಿ ಅಂತ್ರಿ" ಎಂದು ಅಳಿಯ ತಾನೇ ಊಟಕ್ಕೆ ಕುಳಿತ. ಬಕ್ಕಪ್ಪ ನಿಜವಾಗಿಯೂ ನರಳುತ್ತ, ಡಬ್ಬಿಯ ಕಡೆಗೆ ಮುಖ ಹೊರಳಿಸಿ ಮಲಗಿದರು.