ಮಾವನ ಉಡಿದಾರವೂ ನನ್ನ ಬಿ.ಎಸ್ಸಿ.ಯೂ

"ನಮ್ಮ ವಂಶದಲ್ಲಿ ಹತ್ತನೆಯ ಕ್ಲಾಸು ದಾಟಿದವರಿಲ್ಲ. ಇವ ಡಿಗ್ರಿ ಮಾಡುವುದುಂಟಾ? ಆಗುವ ಮಾತಲ್ಲ" ಎಂದವರು ನನ್ನ ಸೋದರಮಾವ. ದಾದರಿನ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕುಳಿತು, ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳಿದ್ದರು. ನನಗೆ ಸಿಟ್ಟಿಗಿಂತ ಹೆಚ್ಚಾಗಿ, ಅವರ ಮಾತೇ ನಿಜವಿರಬಹುದೇ ಎಂಬ ಅನುಮಾನ ಬಂದಿತ್ತು. ಆದರೂ ಅವರ ಇಡ್ಲಿ ತಿಂದುಕೊಂಡೇ, ಕೆಮಿಸ್ಟ್ರಿಯಲ್ಲಿ ಎರಡು ಸಲ ಬಿದ್ದು ಎದ್ದು, ಬಿ.ಎಸ್ಸಿ. ಮುಗಿಸಿದೆ. ಪದವಿಪತ್ರ ತೋರಿಸೆಂದು ಮಾವ ಕೇಳಲಿಲ್ಲ. ನಾನಾಗಿ ತೋರಿಸಲು ನನ್ನ ಹಮ್ಮು ಬಿಡಲಿಲ್ಲ. ಅದು ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಹಿಡಿದು ಕುಳಿತಿತ್ತು.

ದೇವರಿಗೂ ತಮಾಷೆ ಬೇಕು. ನಾನು ಎಂ.ಆರ್.ಐ. ಯಂತ್ರದ ಟೆಕ್ನಿಷಿಯನ್ ಆಗಿದ್ದ ಆಸ್ಪತ್ರೆಗೇ ಮಾವ ರೋಗಿಯಾಗಿ ಬಂದರು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಕವಾಟ ತೀರ ಕಿರಿದಾಗಿತ್ತು. "ಬೆಳಗಿನ ಹೊತ್ತು ದಾದರಿನಲ್ಲಿ ಲೋಕಲ್ ರೈಲಿನ ಬಾಗಿಲು ಇದ್ದ ಹಾಗೆ, ಮಾವ. ಒಳಗಿನವರು ಇಳಿಯಬೇಕು, ದಾರಿಯಿಲ್ಲ" ಎಂದು ವಿವರಿಸಿದೆ. ಹೃದಯದ ಗೋಡೆ ಎಷ್ಟು ದಪ್ಪಗಾಗಿದೆ, ರಕ್ತ ಹೇಗೆ ಚಿಮ್ಮುತ್ತಿದೆ ಎಂದು ನಮ್ಮ ಹೊಸ ಯಂತ್ರದಲ್ಲಿ ನೋಡಿದ ಮೇಲೆಯೇ ಆಪರೇಷನ್ ಎಂದಿದ್ದರು ಡಾಕ್ಟರು.

ಯಂತ್ರವೆಂದರೆ ದೊಡ್ಡ ಅಯಸ್ಕಾಂತ. ಮೈಮೇಲೆ ಲೋಹ ಇರಬಾರದು. ಮಾವ ಉಂಗುರ ಬಿಚ್ಚಿದರು, ವಾಚು ಬಿಚ್ಚಿದರು. ಸೊಂಟದ ಬೆಳ್ಳಿ ಉಡಿದಾರಕ್ಕೆ ಮಾತ್ರ ಎರಡೂ ಕೈ ಅಡ್ಡ ಹಿಡಿದರು.

"ಗಂಡಸಿನ ಉಡಿದಾರ ತೆಗೆಯುವುದು ಹೆಣವಾದ ಮೇಲೆ ಮಾರಾಯ. ನನ್ನನ್ನು ಈಗಲೇ ಕಳಿಸುವ ಅಂದಾಜುಂಟಾ?"

"ಇದು ಸೈನ್ಸ್ ಮಾವ. ಓದಿದವರು ಅದನ್ನೆಲ್ಲ ನಂಬುವುದಿಲ್ಲ."

"ಹೌದಾ? ನಿನ್ನ ಸೊಂಟದಲ್ಲಿ ಎಂತ ಉಂಟು, ತೋರಿಸು."

ಬಿಳಿ ಕೋಟಿನ ಕೆಳಗೆ ಅಮ್ಮ ಕಟ್ಟಿದ ಕಪ್ಪು ನೂಲಿನ ಉಡಿದಾರವಿತ್ತು. ಗಾಜಿನಾಚೆಯಿಂದ ಡಾಕ್ಟರು ಗಡಿಯಾರ ತೋರಿಸುತ್ತಿದ್ದರು. ಕೊನೆಗೆ ನನ್ನದನ್ನೇ ಬಿಚ್ಚಿ ಮೊದಲು ಮಾವನಿಗೆ ಕಟ್ಟಿದೆ. ಅವರ ಹೊಟ್ಟೆಗೆ ಅದು ಸಾಲದೆ ತುದಿಗೆ ಬ್ಯಾಂಡೇಜಿನ ತುಂಡು ಕೂಡಿಸಬೇಕಾಯಿತು. ಆಮೇಲೆ ಬೆಳ್ಳಿಯದನ್ನು ಬಿಚ್ಚಿ ಹೊರಗಿದ್ದ ಅತ್ತೆಯ ಕೈಗೆ ಕೊಟ್ಟೆ. ಒಂದು ಕ್ಷಣವೂ ಮಾವನ ಸೊಂಟ ಬರಿದಾಗಲಿಲ್ಲ. ಜೀವಮಾನವಿಡೀ ಆರ್ಡರು ಕೂಗಿದ ಮನುಷ್ಯ ಮುಕ್ಕಾಲು ಗಂಟೆ ಸದ್ದಿಲ್ಲದೆ, ಅಲುಗಾಡದೆ ಮಲಗಿದರು. ಚಿತ್ರ ಚೆನ್ನಾಗಿ ಬಂತು. ಮಾವನಿಗೂ ಹೃದಯವಿದೆ ಎಂಬುದನ್ನು ಕಣ್ಣಾರೆ ಕಂಡೆ.

ಆಪರೇಷನ್ ಸುಸೂತ್ರವಾಯಿತು. ಮತ್ತೆ ಗಲ್ಲಾದಲ್ಲಿ ಕುಳಿತ ದಿನ ಮಾವ, "ಎಲ್ಲಿ, ನಿನ್ನ ಆ ಡಿಗ್ರಿ ಕಾಗದ ತಾ" ಎಂದರು. ತಂದು ಕೊಟ್ಟೆ. ಇಂಗ್ಲಿಷ್ ಓದಲು ಬಾರದಿದ್ದರೂ ಮೊಹರನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಅದೇ ಬೆರಳಿನಿಂದ ನನ್ನ ಸೊಂಟ ತಿವಿದರು. ಸ್ಕ್ಯಾನ್ ಆದ ದಿನ ಸಂಜೆಯೇ, ಲೋಕಲ್ ಹತ್ತುವ ಮುಂಚೆ, ನಾನು ಸ್ಟೇಷನ್ನಿನ ಹೊರಗೆ ಹೊಸ ಕಪ್ಪು ದಾರ ಕೊಂಡು ಕಟ್ಟಿಕೊಂಡಿದ್ದೆ. ಅದು ಅವರ ಬೆರಳಿಗೆ ಸಿಕ್ಕಿತು.

"ಓದಿದ್ದು ಹೌದು ಮಾರಾಯ, ಒಪ್ಪಿದೆ. ಪುಣ್ಯಕ್ಕೆ ಪೂರಾ ಹಾಳಾಗಲಿಲ್ಲ!"