ಚಿಪ್ ಕೋಣೆಯ ಬಾಗಿಲಲ್ಲಿ ಒಂದು ಚೊಂಬು ನೀರು

ಧೂಳು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಕೊಟ್ಟೂರಿನಲ್ಲಿ ಸಂಸಾರ ಹೂಡಿಕೊಂಡು ಧೂಳಿನ ಮೇಲೆ ಸಿಟ್ಟಾಗುವುದೆಂದರೆ ದಿನವಿಡೀ ಸಿಟ್ಟಿನಲ್ಲೇ ಇರುವುದು, ಹಾಗೇ ಇದ್ದೇನೆ. ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸುವುದನ್ನು ನೋಡಿ ನಮ್ಮನೆಯವರು, "ಇದು ಮನಿ ಐತೋ, ನಿನ್ನ ಫ್ಯಾಕ್ಟರಿ ಐತೋ?" ಎನ್ನುತ್ತಾರೆ. ಅವರನ್ನೂ ಅನ್ನುವಂತಿಲ್ಲ, ಚಟ ಹತ್ತಿದ್ದು ಫ್ಯಾಕ್ಟರಿಯಲ್ಲೇ. ಹತ್ತಿ ವ್ಯಾಪಾರದ ಕೊಟ್ರಪ್ಪನವರು ತಮ್ಮ ಹಳೆಯ ಗೋದಾಮಿನಲ್ಲಿ ಕಂಪ್ಯೂಟರಿನ ಮೆಮೊರಿ ಚಿಪ್ ಮಾಡಲು ಹೊರಟಾಗ ಊರೇ ನಕ್ಕಿತ್ತು. ಹೊರದೇಶದಿಂದ ಬರುವ ಉಗುರಗಲದ ಸಿಲಿಕಾನ್ ಚೂರುಗಳಿಗೆ ತಂತಿ ಬೆಸೆದು, ಲೋಹದ ಕಾಲು ಕೂರಿಸಿ, ಹೇಳಿದ್ದನ್ನು ನೆನಪಿಟ್ಟುಕೊಳ್ಳುತ್ತವೋ ಇಲ್ಲವೋ ಎಂದು ಪರೀಕ್ಷಿಸುವುದು ನಮ್ಮ ಕೆಲಸ. ಒಂದು ಕಣ ಧೂಳು ಕೂತರೆ ಚಿಪ್ಪಿಗೆ ಮರೆವು. ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿಯರಿಗೆಲ್ಲ ನಾನೇ ಮೇಲ್ವಿಚಾರಕಿ.

ಬೇಡಿಕೆ ಏರಿತು, ಬೆಳೆಸಲು ಕೊಟ್ರಪ್ಪನವರ ಬಂಡವಾಳ ಸಾಲದಾಯಿತು. ಬೆಂಗಳೂರಿನ ದೊಡ್ಡ ಕಂಪನಿಯೊಂದು ನಮ್ಮನ್ನು ಕೊಳ್ಳುವ ಮನಸ್ಸು ಮಾಡಿ, ನೋಡಲು ಬರುತ್ತೇವೆಂದು ಟ್ರಂಕ್ ಕಾಲ್ ಮಾಡಿತು. ಕೊಂಡರೆ ಸಂತೋಷವೇ. ಯಂತ್ರಗಳನ್ನು ಲಾರಿಗೇರಿಸಿಕೊಂಡು ಹೋದರೆ ಮಾತ್ರ ನಾವೆಲ್ಲ ಮನೆಗೆ. ಬಂದ ಅಧಿಕಾರಿ ಜೀಪಿನಿಂದ ಇಳಿಯುತ್ತಲೇ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು, ಈ ಧೂಳಲ್ಲಿ ಉತ್ಪಾದನೆ ಹೆಚ್ಚಿಸುವುದು ಆಗದ ಮಾತು, ಬೆಂಗಳೂರಿಗೆ ಸಾಗಿಸುವುದೇ ವಾಸಿ ಎಂದರು. ಸಾಲದ್ದಕ್ಕೆ ಬೂಟು ಹಾಕಿಕೊಂಡೇ ಚಿಪ್ ಕೋಣೆಯತ್ತ ನಡೆದರು! ನೀರಿನ ಚೊಂಬು ಹಿಡಿದು ಬಾಗಿಲಿಗೆ ಅಡ್ಡ ನಿಂತೆ. ಅವರು ಇದನ್ನು ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವ ನಮ್ಮ ಪದ್ಧತಿ ಎಂದುಕೊಂಡು, ಉಪಚಾರವೆಲ್ಲ ಯಾಕೆ ಎಂದು ನಕ್ಕರು.

"ಉಪಚಾರ ಅಲ್ರಿ ಸಾಹೇಬ್ರ. ಕಾಲು ತೊಳಕೊಂಡ್ರಷ್ಟ ಒಳಗ ಬಿಡ್ತೀನಿ."

ಕೊಟ್ರಪ್ಪನವರು ವ್ಯಾಪಾರ ಮುರಿದುಬಿತ್ತೆಂದು ಗೋಡೆ ಹಿಡಿದುಕೊಂಡರು. ಸಾಹೇಬರು ಒಂದು ಗಳಿಗೆ ನನ್ನನ್ನು ದುರುಗುಟ್ಟಿ ನೋಡಿ, ಬೂಟು ಬಿಚ್ಚಿ, ಕಾಲು ತೊಳೆದು, ನಮ್ಮೆಲ್ಲರಂತೆ ಕೂದಲು ಮುಚ್ಚುವ ಟೋಪಿ ಹಾಕಿಕೊಂಡು ಒಳಗೆ ಬಂದರು. ಕೈಗೆ ಸಿಕ್ಕ ಚಿಪ್‌ಗಳನ್ನೆಲ್ಲ ಎತ್ತಿ ಪರೀಕ್ಷೆಗೆ ಹಾಕಿಸಿದರು. ಕೆಟ್ಟದ್ದು ಸಿಗುವುದೇ ಅಪರೂಪವಾದಾಗ ಅವರ ಮುಖ ಸಡಿಲವಾಯಿತು.

ಹೊರಗೆ ಬಂದು ಕೊಟ್ರಪ್ಪನವರಿಗೆ, "ಕೊಳ್ಳೋದು ಖಚಿತ. ಸಾಗಿಸೋ ಮಾತು ಬಿಡಿ, ಪಕ್ಕದ ಗೋದಾಮನ್ನೂ ಸೇರಿಸಿ ಇಲ್ಲೇ ಬೆಳೆಸೋಣ" ಎಂದರು. ನನ್ನ ಕಣ್ಣು ತುಂಬಿ ಬಂತು. ಊರನ್ನೇ ಉಳಿಸಿದವಳಂತೆ ಬೀಗಿದೆ. ಆಗ ಸಾಹೇಬರು ನನಗೆ ಮೆಲ್ಲಗೆ, ಒಮ್ಮೆ ನಿಮ್ಮ ತಲೆ ನೋಡಿಕೊಳ್ಳಿ ಎಂದರು. ಕೈಯಾಡಿಸಿದರೆ, ಸಾಹೇಬರು ಬರುತ್ತಾರೆಂದು ಬೆಳಿಗ್ಗೆ ಮುಡಿದಿದ್ದ ಹಡಗಲಿ ಮಲ್ಲಿಗೆಯ ದಂಡೆ ಟೋಪಿಯ ಹಿಂದೆ ಜೋತಾಡುತ್ತಿತ್ತು, ತಿರುಗಿ ನೋಡಿದರೆ ಎಸಳುಗಳು ಚಿಪ್ ಕೋಣೆಯುದ್ದಕ್ಕೂ ಉದುರಿದ್ದವು.

ಪಕ್ಕದ ಗೋದಾಮಿಗೆ ಈಗ ಸುಣ್ಣ ಬಳಿಯುತ್ತಿದ್ದಾರೆ, ಹರಪನಹಳ್ಳಿಯಿಂದಲೂ ಹುಡುಗಿಯರು ಬರಲಿದ್ದಾರೆ. ಬಾಗಿಲಲ್ಲಿ ತಪಾಸಣೆಗೆಂದು ಬಸಮ್ಮ ಎಂಬಾಕೆಯನ್ನು ನೇಮಿಸಿದ್ದಾರೆ. ಅವಳು ದಿನಾ ಎಲ್ಲರಿಗಿಂತ ಮೊದಲು ನನ್ನನ್ನೇ ನಿಲ್ಲಿಸಿ, "ತಿರುಗ್ರಿ ಅಕ್ಕಾರ" ಎನ್ನುತ್ತಾಳೆ. ತಿರುಗಿ, ಟೋಪಿ ಎತ್ತಿ ಜಡೆ ತೋರಿಸುತ್ತೇನೆ.